ಆಟದ ಮೈದಾನದ ನಡುವಿನ ತಿಪ್ಪೆ

ತಿಪ್ಪೆಯನ್ನು ಕಸ ಎಂದು ಸರ್ಕಾರಿ ಕಾಗದದಲ್ಲಿ ಬರೆದವಳು ನಾನೇ. ಯಾರೂ ಕೈ ಹಿಡಿದು ಬರೆಸಲಿಲ್ಲ. ಬರೆದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ.

ಜೇವರ್ಗಿ ತಾಲ್ಲೂಕಿನಿಂದ ವರ್ಗವಾಗಿ, ಆಳಂದ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಗೆ ನಾನು ಪಿಡಿಒ ಆಗಿ ಬಂದು ನಾಲ್ಕು ತಿಂಗಳಾಗಿತ್ತು. ದಸರೆ ಕಳೆದ ಮೇಲೆ ನಡೆದ ಸಾಮಾನ್ಯ ಸಭೆಯಲ್ಲಿ ಎರಡು ಠರಾವು ಪಾಸಾದವು. ಒಂದು, ಕಸದ ಗಾಡಿ ದಿನಾ ಬೆಳಿಗ್ಗೆ ಎಲ್ಲ ಓಣಿಗೂ ಹೋಗಬೇಕು, ಊರೊಳಗಿನ ಕಸದ ರಾಶಿಗಳನ್ನು ಎತ್ತಿಸಬೇಕು. ಇನ್ನೊಂದು, ಪ್ರೌಢಶಾಲೆಯ ಹಿಂದಿನ ಗಾಯರಾಣದಲ್ಲಿ, ಅಂದರೆ ಊರ ಗೋಮಾಳದಲ್ಲಿ, ಉದ್ಯೋಗ ಖಾತ್ರಿಯಡಿ ಆಟದ ಮೈದಾನ ಮಾಡಬೇಕು.

ಮೈದಾನಕ್ಕಾಗಿ ಮೂರು ವರ್ಷದಿಂದ ಅರ್ಜಿ ಕೊಡುತ್ತಿದ್ದವರು ಶಾಲೆಯ ಪಿ.ಟಿ. ಮಾಸ್ತರರು. ಸರಸಂಬಾದಿಂದ ಮೋಟರ್ ಸೈಕಲ್ ಮೇಲೆ ಬಂದು ಹೋಗುವ ಮನುಷ್ಯ, ಮಾತು ಕಡಿಮೆ. ಅವರ ಹುಡುಗಿಯರ ಖೋ-ಖೋ ತಂಡ ಕೊಯ್ಲಾದ ಹೊಲದಲ್ಲಿ ಅಭ್ಯಾಸ ಮಾಡುತ್ತಿತ್ತು. ಎರೆಮಣ್ಣು ಒಣಗಿ ಬಿರುಕು ಬಿಟ್ಟರೆ ಅಂಗಾಲು ಇಳಿಯುವಷ್ಟು ಸಂದು. ಆ ವರ್ಷ ಇಬ್ಬರು ಹುಡುಗಿಯರ ಕಾಲು ಉಳುಕಿ, ತಂಡ ತಾಲ್ಲೂಕು ಮಟ್ಟದಲ್ಲಿ ಎರಡನೆಯ ಸುತ್ತಿಗೇ ಮರಳಿ ಬಂದಿತ್ತು. "ಮೇಡಂ, ಪೋರ್‍ಯಾರು ಸೋತು ಬಂದಿಲ್ರಿ, ಕುಂಟ್ಕೋತ ಬಂದಾರ" ಅಂದರು ಮಾಸ್ತರರು. ನಾನು ಓದಿದ ಶಾಲೆಗೂ ಮೈದಾನ ಇರಲಿಲ್ಲ. ಇದೊಂದು ಕೆಲಸ ಮಾಡಿಯೇ ತೀರುವುದು ಎಂದು ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಆದರೆ ಆ ಗಾಯರಾಣ ಖಾಲಿ ಇರಲಿಲ್ಲ. ಅಲ್ಲಿ ಊರವರ ಮೂವತ್ತೇಳು ತಿಪ್ಪೆಗಳಿದ್ದವು. ನಾನೇ ಎಣಿಸಿದೆ. ದನದ ಕೊಟ್ಟಿಗೆಯ ಸೆಗಣಿ, ಮೇವಿನ ಉಳಿಕೆ, ಒಲೆಯ ಬೂದಿ ಎಲ್ಲ ದಿನಾ ಬುಟ್ಟಿಯಲ್ಲಿ ಬಂದು ಅಲ್ಲಿ ಬೀಳುತ್ತಿತ್ತು. ಇವುಗಳನ್ನು ಕಸದ ರಾಶಿಗಳ ಪಟ್ಟಿಗೆ ಸೇರಿಸಿಬಿಟ್ಟರೆ ಮೊದಲನೆಯ ಠರಾವಿನಲ್ಲಿ ತಿಪ್ಪೆ ಏಳುತ್ತವೆ, ಎರಡನೆಯ ಠರಾವಿಗೆ ಜಾಗ ಸಿಗುತ್ತದೆ. ನನ್ನ ಜಾಣತನಕ್ಕೆ ನಾನೇ ಬೆರಗಾದೆ. ಬಸ್ ನಿಲ್ದಾಣದ ಹತ್ತಿರದ ಪ್ಲಾಸ್ಟಿಕ್ ರಾಶಿಯ ಕೆಳಗೆ ಕ್ರಮಸಂಖ್ಯೆ ಹಾಕಿ ಮೂವತ್ತೇಳನ್ನೂ ಬರೆದೆ. ಪಟ್ಟಿ ಉದ್ದವಿತ್ತು, ಅಧ್ಯಕ್ಷರು ಓದದೆ ಸಹಿ ಮಾಡಿದರು.

ಡಂಗುರ ಹೊಡೆಸಿದೆ. ಎಂಟು ದಿನದೊಳಗೆ ಗಾಯರಾಣದ ತಿಪ್ಪೆ ತೆಗೆಯಬೇಕು. ಎಂಟು ದಿನ ಕಳೆಯಿತು, ಒಂದು ಬುಟ್ಟಿಯೂ ಕದಲಲಿಲ್ಲ. ಮನೆಮನೆಗೆ ನೋಟಿಸ್ ಕಳಿಸಿದೆ. ಒಬ್ಬ ಹಿರಿಯ ರೈತರು ನೋಟಿಸ್ ಹಿಡಿದುಕೊಂಡು ಕಚೇರಿಗೆ ಬಂದು, ಕುರ್ಚಿ ಕೊಟ್ಟರೂ ಕೂರದೆ ನಿಂತೇ ಹೇಳಿದರು. "ಈಗ ತೆಗದು ಎಲ್ಲಿ ಹಾಕ್ಲಿರಿ ಮೇಡಂ? ಹೊಲದಾಗ ತೊಗರಿ ನಿಂತದ. ಹಸಿ ಗೊಬ್ಬರ ಹೊಲಕ್ಕ ಹೋದ್ರ ಗೆದ್ದಲ ಹತ್ತತದ. ಯುಗಾದಿ ಆಗ್ಲಿ, ಬಂಡಿ ಕಟ್ತೇವಿ."

ಸರಿಯಾದ ಮಾತು. ಆದರೆ ಕೆಲಸ ಮುಂದಕ್ಕೆ ಹಾಕುವವರ ನೆಪಗಳನ್ನು ಕೇಳಿ ಕೇಳಿ ನನ್ನ ಕಿವಿ ದಪ್ಪವಾಗಿತ್ತು. ನೋಡೋಣ ಎಂದು ಕಳಿಸಿದೆ.

ಅಷ್ಟರಲ್ಲಿ ಮೈದಾನದ ಅಂದಾಜು ಪತ್ರಿಕೆ ಮಾಡಿದ್ದ ಎಂಜಿನಿಯರ್ ಫೋನ್ ಮಾಡಿದರು. ಕೆಲಸ ಶುರುವಾಗುವ ಮೊದಲಿನ ಫೋಟೋವನ್ನು ಸ್ಥಳದ ಅಕ್ಷಾಂಶ ರೇಖಾಂಶದ ಸಮೇತ ತಿಂಗಳ ಕೊನೆಯೊಳಗೆ ಏರಿಸಬೇಕು, ಇಲ್ಲದಿದ್ದರೆ ಈ ಸಲದ ಕ್ರಿಯಾ ಯೋಜನೆಯಿಂದ ಬಿಟ್ಟುಹೋಗುತ್ತದೆ. "ಪೂರಾ ಖಾಲಿ ಮಾಡೋದು ಬ್ಯಾಡ್ರಿ. ನಟ್ಟನಡುವಿನ ಒಂದ್ ತಿಪ್ಪಿ ತೆಗಸ್ರಿ ಸಾಕು. ಫೋಟೋದಾಗ ಜಾಗಾ ಕಾಣ್ಬೇಕಷ್ಟ."

ನಟ್ಟನಡುವಿನದು ಯಾರದ್ದು ಎಂದು ಕಚೇರಿಯ ಜವಾನನನ್ನು ಕೇಳಿದೆ. ಒಬ್ಬ ಮುದುಕಿಯದ್ದು. ಗಂಡ ಇಲ್ಲ, ಮಕ್ಕಳಿಲ್ಲ, ಹೊಲವಿಲ್ಲ. ಎರಡು ಎಮ್ಮೆ ಇವೆ. ಊರೆಲ್ಲ ಆಕೆಯನ್ನು ಆಯಿ ಅನ್ನುತ್ತದೆ. "ಅಕಿಗಿ ಯಾರೂ ಇಲ್ರಿ, ಜಗಳ ಆಗಂಗಿಲ್ಲ" ಅಂದ ಜವಾನ. ಆ ಮಾತು ನನಗೆ ಅನುಕೂಲವಾಗಿ ಕೇಳಿಸಿತು. ನಡುವೆ ಇದ್ದದ್ದಕ್ಕೆ ಅದನ್ನು ಆರಿಸಿದೆ ಎಂದು ಆಮೇಲೆ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ.

ಕಸದ ಗಾಡಿ ಓಡಿಸುತ್ತಿದ್ದವಳು ಮಹಿಳಾ ಸಂಘದ ಒಬ್ಬ ಸದಸ್ಯೆ. ಮೂರು ಗಾಲಿಯ ಆಟೋ ಕೂಡ ಓಡಿಸಿರದವಳು ತರಬೇತಿ ಪಡೆದು ಲೈಸೆನ್ಸ್ ತೆಗೆದು, ಈಗ ಇಕ್ಕಟ್ಟು ಓಣಿಯಲ್ಲಿ ಹಿಂದಕ್ಕೆ ಹಿಂದಕ್ಕೆ ಗಾಡಿ ಬಿಡುವಷ್ಟು ಪಳಗಿದ್ದಳು. ಆಕೆ ಗಾಡಿಯ ಬಾಗಿಲು ಹಿಡಿದು ನಿಂತು, "ಮೇಡಂ, ಅದು ಆಯಿ ತಿಪ್ಪಿ ಅದರಿ. ಒಂದ್ ಮಾತ್ ಹೇಳಿ ತೆಗೀಬೇಕ್ರಿ" ಅಂದಳು.

"ನೋಟಿಸ್ ಕೊಟ್ಟೇವಲ್ಲ, ಮತ್ತೇನ್ ಹೇಳೂದು?" ಅಂದೆ ನಾನು.

ಆಯಿಗೆ ಓದಲು ಬರುತ್ತದೆಯೇ ಎಂದು ನಾನು ಕೇಳಲಿಲ್ಲ, ಬರುವುದಿಲ್ಲ ಎಂದು ಚಾಲಕಿ ಹೇಳಲಿಲ್ಲ. ಆಯಿ ಎಮ್ಮೆ ಮೇಯಿಸಲು ಹೋದ ಹೊತ್ತಿನಲ್ಲಿ ಇಬ್ಬರು ಆಳುಗಳನ್ನು ಹಚ್ಚಿ, ಆರು ಟ್ರಿಪ್ಪಿನಲ್ಲಿ ತಿಪ್ಪೆಯನ್ನು ಎತ್ತಿಸಿದೆವು. ಊರಾಚೆ, ಮಟಕಿ ರಸ್ತೆಯ ಕಡೆಗೆ ಇರುವ ಕಸ ವಿಲೇವಾರಿ ಘಟಕದ ತಗಡಿನ ಶೆಡ್ಡಿನಲ್ಲಿ ಸುರಿದದ್ದಾಯಿತು. ಮೇಲೆ ಆ ದಿನದ ಕಸವೂ ಬಿತ್ತು. ನಾನು ಫೋಟೋ ತೆಗೆದು ಏರಿಸಿ, ನೆಮ್ಮದಿಯಿಂದ ಒಂದು ಚಹಾ ಕುಡಿದೆ.

ಮರುದಿನ ಬೆಳಿಗ್ಗೆ ಕಚೇರಿಗೆ ಬಂದಾಗ ಮೆಟ್ಟಿಲ ಕೆಳಗೆ ಆಯಿ ನಿಂತಿದ್ದಳು. ತಲೆಯ ಮೇಲೆ ಸೆಗಣಿಯ ಪುಟ್ಟಿ. ಬಯ್ಯುತ್ತಾಳೆ ಎಂದು ಮೈ ಗಟ್ಟಿ ಮಾಡಿಕೊಂಡೆ. ಆಕೆ ಬಯ್ಯಲಿಲ್ಲ.

"ನಿನ್ನಿ ತನಕ ಹಾಕೋ ಜಾಗಾ ಗೊತ್ತಿತ್ತು. ಇವತ್ತ್ ಎಲ್ಲಿ ಹಾಕ್ಲಿರಿ ಮೇಡಂ?"

ನಿಜವಾಗಿ ತಿಳಿಯದೆ ಕೇಳುವವರ ದನಿ ಅದು. "ದಿನಾ ಗಾಡಿ ಬರ್ತದಲ್ಲ ಆಯಿ, ಗಾಡ್ಯಾಗ ಹಾಕ್ರಿ" ಅಂದೆ. ಆಯಿತು ಎಂದು ತಲೆ ಆಡಿಸಿ ಹೋದಳು.

ಮರುದಿನವೂ ಪುಟ್ಟಿ ಹೊತ್ತು ಬಂದಳು. ಅದೇ ಪ್ರಶ್ನೆ. "ನಿನ್ನೆ ಹೇಳಿದ್ನಲ್ಲ ಆಯಿ?" ಅಂದೆ.

"ಹಾಕ್ದೆರಿ. ಗಾಡ್ಯಾಗ ಹಾಕಿದ್ದು ನಂದ್ ಉಳೀತದೇನ್ರಿ?"

ಹಾಗೇ ನಾಲ್ಕು ದಿನ ನಡೆಯಿತು. ಪಂಚಾಯಿತಿಗೆ ಬಂದವರು ಕಟ್ಟೆಯ ಮೇಲೆ ಕೂತು ನೋಡತೊಡಗಿದರು. ಐದನೆಯ ದಿನ ನನಗೆ ಸಿಟ್ಟು ನೆತ್ತಿಗೇರಿತು. "ಆಫೀಸ್ ಮುಂದ ಹೆಂಡಿ ತರಬ್ಯಾಡ್ರಿ, ನಾರ್ತದ" ಎಂದು ಎಲ್ಲರ ಎದುರು ಅಂದುಬಿಟ್ಟೆ. ಆಯಿ ಗಾಬರಿಯಾಗಿ ಪುಟ್ಟಿ ಕೆಳಗಿಟ್ಟು, ಮೆಟ್ಟಿಲ ಮೇಲೆ ಉದುರಿದ್ದ ಚೂರನ್ನು ಬೆರಳಿನಿಂದ ಬಳಿದು ತೆಗೆದು, ಸೆರಗಿನಿಂದ ಒರೆಸಿ, ತಪ್ಪಾಯಿತು ಎಂದು ಹೋದಳು.

ಆರನೆಯ ದಿನ ಬರಲಾರಳು ಎಂದುಕೊಂಡಿದ್ದೆ. ಬಂದಳು. ಪುಟ್ಟಿಯ ಮೇಲೆ ಒದ್ದೆ ಗೋಣಿಚೀಲ ಮುಚ್ಚಿ, ನಾಲ್ಕೂ ಕಡೆ ಒಳಗೆ ಸಿಕ್ಕಿಸಿ ತಂದಿದ್ದಳು, ನನಗೆ ನಾರಬಾರದು ಎಂದು. ನಾನು ಒಳಗೆ ಹೋಗಿ ಕುರ್ಚಿಯಲ್ಲಿ ಕೂತೆ. ನಾಚಿಕೆಯಿಂದ ಕಣ್ಣು ಉರಿಯಿತು.

ಆ ಮಧ್ಯಾಹ್ನ ಚಾಲಕಿಯನ್ನು ಕರೆದು ಕೂರಿಸಿ, ಆ ತಿಪ್ಪೆಯಲ್ಲಿ ಅಂಥದ್ದೇನಿತ್ತು ಎಂದು ಕೇಳಿದೆ. "ಅಕಿ ಹೊಲ ಅಂದ್ರ ಅದರಿ ಮೇಡಂ. ಯುಗಾದಿ ಆದ ಮ್ಯಾಲ ಗೊಬ್ಬರ ಹಣ್ಣಾಗ್ತದ. ಯಾರರೆ ರೈತರು ಬಂಡಿ ತಂದು ತುಂಬ್ಕೊಂಡು ಹೋಗ್ತಾರ, ಅಕಿಗಿ ವರ್ಷದ ಜ್ವಾಳ ಹಾಕ್ತಾರ. ಎಮ್ಮಿ ಹಾಲಿನ ರೊಕ್ಕ ಎಮ್ಮಿ ಹೊಟ್ಟಿಗೇ ಹೋಗ್ತದ, ಅಕಿ ರೊಟ್ಟಿ ಬರೋದು ತಿಪ್ಪಿಲಿಂದ. ನಾವು ಬೆಳಿ ನಿಂತ ಹೊಲ ಕೊಯ್ದು ಕಸಕ್ಕ ಹಾಕ್ದಂಗ ಆಗ್ಯಾದ."

"ಅವತ್ತೇ ಯಾಕ ಹೇಳ್ಲಿಲ್ಲ?"

"ಹೇಳಾಕತ್ತಿದ್ದೆ. ನೀವು ನೋಟಿಸ್ ಅಂದ್ರಿ."

ಅಧ್ಯಕ್ಷರ ಬಳಿ ಹೋದೆ. ಕೆಟ್ಟ ಮನುಷ್ಯರಲ್ಲ. ವಿಷಯ ಕೇಳಿ, ಎರಡು ಚೀಲ ಜೋಳ ನಮ್ಮ ಮನೆಯಿಂದಲೇ ಕೊಡುತ್ತೇನೆ, ಮುಗಿಸಿಬಿಡಿ ಎಂದರು. ನನಗೂ ಹಗುರವಾಯಿತು. ಇಬ್ಬರೂ ಆಯಿಯ ಮನೆಗೆ ಹೋದೆವು. ಎಮ್ಮೆಗೆ ನೀರು ಕುಡಿಸುತ್ತಿದ್ದವಳು ಸೆರಗು ಸರಿಮಾಡಿಕೊಂಡು, ಅಧ್ಯಕ್ಷರ ಮಾತನ್ನು ಪೂರ್ತಿ ಕೇಳಿಸಿಕೊಂಡಳು.

"ಪುಣ್ಯಾ ಬರ್ಲಿ ನಿಮಗ" ಅಂದಳು. "ಆದ್ರ ನಿಮ್ಮ ಜ್ವಾಳ ಉಂಡ್ರ ನಾ ನಿಮ್ಮ ಮನಿ ಮುಂದ ಕುಂದ್ರೋಕಿ ಆಗ್ತೇನಿ. ತಿಪ್ಪಿ ಇದ್ರ ನೀವು ಬಂಡಿ ತಗೊಂಡು ನನ್ನ ಮನಿ ಮುಂದ ಬರ್ತೀರಿ. ನನ್ನ ತಿಪ್ಪಿ ಕೊಡ್ರಿ."

ಹೊರಗೆ ಬಂದ ಮೇಲೆ ನಾನು ವಾಪಸ್ ಕೊಡುವುದು ಎಂದೆ. ಅಧ್ಯಕ್ಷರು ಅಲ್ಲೇ ನಿಂತರು. "ಸರಕಾರಿ ಗಾಡ್ಯಾಗ ಎತ್ತಿದ್ದು ತಿರಗಿ ಹಾಕೋದೇನ್ರಿ? ಮಂದಿ ನಗ್ತಾರ. ನೀವ್ ಫೋಟೋ ಬ್ಯಾರೆ ಹಾಕೀರಿ."

"ನಗ್ಲಿ ಬಿಡ್ರಿ" ಅಂದೆ. ಹೇಳುವುದು ಸುಲಭ.

ಮರುದಿನ ಆರು ಗಂಟೆಗೆ ಚಾಲಕಿಯ ಜೊತೆ ಘಟಕಕ್ಕೆ ಹೋದೆ. ಆಯಿಯ ಗೊಬ್ಬರದ ಮೇಲೆ ಒಂದು ವಾರದ ಊರ ಕಸ ಬಿದ್ದಿತ್ತು. ಗುಟ್ಕಾ ಚೀಟಿ, ಶಾಂಪೂ ಪೊಟ್ಟಣ, ಮಕ್ಕಳ ಡೈಪರ್, ಒಡೆದ ಬಾಟಲಿ. ಹೊಲಕ್ಕೆ ಹೋಗುವ ಗೊಬ್ಬರದಲ್ಲಿ ಒಂದು ಗಾಜಿನ ಚೂರು ಉಳಿದರೂ ಎತ್ತಿನ ಕಾಲು, ಕಳೆ ತೆಗೆಯುವ ಹೆಂಗಸಿನ ಕೈ ಕೊಯ್ಯುತ್ತದೆ. ಆಳುಗಳನ್ನು ಹಚ್ಚೋಣವೇ ಎಂದು ಚಾಲಕಿ ಕೇಳಿದಳು. ಅವರ ಕೂಲಿಯನ್ನು ಯಾವ ಯೋಜನೆಯಲ್ಲಿ ತೋರಿಸಲಿ? ಕಚೇರಿ ಶುರುವಾಗುವ ಮೊದಲಿನ ಮೂರು ತಾಸು ನಮ್ಮದೇ, ನಾವಿಬ್ಬರೇ ಮಾಡೋಣ ಅಂದೆ.

ಗೌಂಡಿಯೊಬ್ಬರಿಂದ ಮರಳು ಸೋಸುವ ದೊಡ್ಡ ಜರಡಿ ತಂದು ಕೋಲು ಕೊಟ್ಟು ನಿಲ್ಲಿಸಿದೆವು. ಮೊದಲ ದಿನ ಏನೂ ಆಗಲಿಲ್ಲ. ಅರ್ಧ ಕಳಿತ ಗೊಬ್ಬರ ಹೆಂಟೆ ಹೆಂಟೆಯಾಗಿ ಜರಡಿಯಿಂದ ಜಾರಿ ಹೋಗುತ್ತಿತ್ತು. ನೀರು ಚಿಮುಕಿಸಿದೆ, ಇನ್ನೂ ಅಂಟಾಯಿತು. ಚಾಲಕಿ ನನ್ನ ಕೈಯಿಂದ ಕೊಡ ಕಸಿದುಕೊಂಡು, "ನೀವು ಬರೇ ಬರೀರಿ ಮೇಡಂ, ಇದೆಲ್ಲ ನಿಮಗ ತಿಳಿಯಂಗಿಲ್ಲ" ಎಂದು ನಕ್ಕಳು. ತೆಳ್ಳಗೆ ಹರಡಿ ಒಂದು ದಿನ ಬಿಸಿಲಿಗೆ ಬಿಟ್ಟೆವು. ಒಣಗಿದ ಮೇಲೆ ಸಲಿಕೆಯ ಹಿಂಬದಿಯಿಂದ ಹೆಂಟೆ ಒಡೆದು ಜರಡಿಗೆ ಎಸೆದರೆ ಗೊಬ್ಬರ ಆಚೆ ಬೀಳುತ್ತಿತ್ತು, ಪ್ಲಾಸ್ಟಿಕ್ ಈಚೆ ಉಳಿಯುತ್ತಿತ್ತು. ಸಣ್ಣ ಗಾಜು ಮಾತ್ರ ಗೊಬ್ಬರದ ಜೊತೆಗೇ ಹೋಗುತ್ತಿತ್ತು. ಅದನ್ನು ಕೂತು ಕೈಯಿಂದಲೇ ಆರಿಸಬೇಕು. ನಾಲ್ಕನೆಯ ದಿನ ಅಂಗೈ ಕೊಯ್ದುಕೊಂಡು, ಆಸ್ಪತ್ರೆಗೆ ಹೋಗಿ ಸೂಜಿ ಚುಚ್ಚಿಸಿಕೊಂಡು ಬಂದೆ.

ಹಾಗೆ ಕೂತು ಆರಿಸುವಾಗ ನನ್ನ ಕೈಗೆ ಕೆಲಸ ಗೊತ್ತು ಎಂಬುದು ತಿಳಿಯಿತು. ನಮ್ಮದು ಅಫಜಲಪುರ ತಾಲ್ಲೂಕು, ಘತ್ತರಗಿಯ ಹತ್ತಿರದ ಹಳ್ಳಿ. ನಮಗೆ ಹೊಲವೂ ಇರಲಿಲ್ಲ, ದನವೂ ಇರಲಿಲ್ಲ, ಹಾಗಾಗಿ ತಿಪ್ಪೆಯೂ ಇರಲಿಲ್ಲ. ಬೇಸಿಗೆಯಲ್ಲಿ ಅವ್ವ ಬೇರೆಯವರ ತಿಪ್ಪೆಯ ಗೊಬ್ಬರ ಹೊರುತ್ತಿದ್ದಳು, ನಾನು ಹಿಂದೆ ಕೂತು ಕಲ್ಲು ಆರಿಸುತ್ತಿದ್ದೆ. ಶಾಲೆಗೆ ಹೋದರೆ ಪಕ್ಕದವಳು ಮೂಗು ಮುಚ್ಚಿಕೊಳ್ಳುತ್ತಿದ್ದಳು. ಓದಿದ್ದು, ನೌಕರಿ ಹಿಡಿದದ್ದು ಈ ವಾಸನೆಯಿಂದ ದೂರ ಓಡಲಿಕ್ಕೇ. ಮೂವತ್ತೇಳು ತಿಪ್ಪೆಯನ್ನು ಒಂದೇ ಉಸಿರಿಗೆ ಕಸ ಎಂದು ಬರೆದ ಕೈ ಎಲ್ಲಿಂದ ಬಂದಿತ್ತು ಎಂದು ಆ ಶೆಡ್ಡಿನಲ್ಲಿ ಗೊತ್ತಾಯಿತು. ನನ್ನ ಮೇಲೆ ನನಗೆ ಸಿಟ್ಟೂ ಬಂತು, ಅಂದು ಪಕ್ಕದವಳ ಎದುರು ಕುಗ್ಗಿದ್ದ ಆ ಹುಡುಗಿಯ ಮೇಲೆ ಮರುಕವೂ ಬಂತು.

ಇತ್ತ ಕಾಗದದ ಕೆಲಸವೂ ಇತ್ತು. ಪಿ.ಟಿ. ಮಾಸ್ತರರನ್ನು ಕರೆದು, ಮೈದಾನ ಬೇಸಿಗೆಗೆ ಹೋಗುತ್ತದೆ ಎಂದೆ. ಅವರ ಮುಖ ಇಷ್ಟಾಯಿತು. ಒಂದು ದಿನ ಮಾತು ಬಿಟ್ಟರು. ಮರುದಿನ ತಾವೇ ಟೇಪು ಹಿಡಿದು ಬಂದರು. "ಖೋ-ಖೋಕ್ಕ ಇಪ್ಪತ್ತೇಳು ಮೀಟರ್ ಉದ್ದ, ಹದಿನಾರು ಮೀಟರ್ ಅಗಲ ಸಾಕ್ರಿ ಮೇಡಂ. ಸುತ್ತ ಒಂದೀಟ್ ಜಾಗಾ ಬಿಟ್ರಾತು. ಪೂರಾ ಗಾಯರಾಣ ಯಾರ್ ಕೇಳ್ಯಾರ?"

ಎಂಜಿನಿಯರ್ ಓಟದ ಪಥ ಇರುವ ಸಿದ್ಧ ನಕ್ಷೆಯನ್ನೇ ಇಲ್ಲಿಗೂ ಹಾಕಿಬಿಟ್ಟಿದ್ದರು. ಮಾಸ್ತರರೂ ನಾನೂ ಸುಣ್ಣದ ಪುಡಿ ಚೆಲ್ಲಿ ಗೆರೆ ಎಳೆದು ನೋಡಿದೆವು. ತಿಪ್ಪೆಗಳು ಪಡುವಣ ಬದಿಗೆ ಎರಡು ಸಾಲಾಗಿ ನಿಂತರೆ, ನಡುವೆ ಅಂಗಣವೂ ಹಿಡಿಯುತ್ತದೆ, ಬಂಡಿಯ ದಾರಿಯೂ ಉಳಿಯುತ್ತದೆ. ಯುಗಾದಿಯ ನಂತರ ಹೇಗೂ ಎಲ್ಲ ತಿಪ್ಪೆ ಖಾಲಿಯಾಗುತ್ತವೆ. ಆಗ ಹೊಸದನ್ನು ಹೊಸ ಜಾಗದಲ್ಲಿ ಶುರು ಮಾಡಿದರೆ ಯಾರೂ ಒಂದು ಬುಟ್ಟಿಯನ್ನೂ ಎತ್ತಿ ಒಯ್ಯಬೇಕಿಲ್ಲ. ಊರವರು ಮೊದಲೇ ಹೇಳಿದ್ದು ಇದನ್ನೇ.

ತಾಲ್ಲೂಕು ಪಂಚಾಯಿತಿಗೆ ಪತ್ರ ಬರೆದೆ. ಸದರಿ ಸ್ಥಳದಲ್ಲಿ ಇರುವುದು ಕಸದ ರಾಶಿಗಳಲ್ಲ, ಗ್ರಾಮಸ್ಥರ ಗೊಬ್ಬರದ ತಿಪ್ಪೆಗಳು, ನಾನು ಏರಿಸಿದ ಫೋಟೋ ಸ್ಥಳದ ನಿಜ ಸ್ಥಿತಿ ತೋರಿಸುವುದಿಲ್ಲ, ಅದನ್ನು ಕೈಬಿಟ್ಟು ಪರಿಷ್ಕೃತ ನಕ್ಷೆಗೆ ಅವಕಾಶ ಕೊಡಬೇಕು. ವಾರದಲ್ಲಿ ಕಾರಣ ಕೇಳಿ ನೋಟಿಸ್ ಬಂತು. ನನಗೂ ಒಂದು ನೋಟಿಸ್ ಬಂದದ್ದು ಕೇಳಿ ಚಾಲಕಿಗೆ ಬಹಳ ಖುಷಿಯಾಯಿತು. "ನೋಟಿಸ್ ಕೊಟ್ಟಾರಲ್ಲ, ಮತ್ತೇನ್ ಹೇಳೂದು?" ಎಂದು ನನ್ನದೇ ದನಿ ತೆಗೆದು ಅಣಕಿಸಿದಳು. ಉತ್ತರದಲ್ಲಿ ತಪ್ಪು ನನ್ನದೇ ಎಂದು ಬರೆದೆ. ಎಚ್ಚರಿಕೆ ಕೊಟ್ಟು ಬಿಟ್ಟರು, ನಕ್ಷೆ ಒಪ್ಪಿದರು. ಬೇಸಿಗೆಯಲ್ಲಿ ಮೊರಂ ಮಣ್ಣು ಹಾಕಿ ನೀರು ಹೊಡೆದು ಮೈದಾನ ಆಯಿತು, ಹುಡುಗಿಯರು ಬರಿಗಾಲಲ್ಲೇ ಓಡಿದರು. ಅದು ಆಮೇಲಿನ ಮಾತು.

ಹನ್ನೊಂದನೆಯ ದಿನಕ್ಕೆ ಸೋಸುವುದು ಮುಗಿಯಿತು. ಆರು ಟ್ರಿಪ್ ಒಯ್ದದ್ದು ನಾಲ್ಕೂವರೆ ಟ್ರಿಪ್ಪಿಗೆ ಇಳಿದಿತ್ತು. ಎಲ್ಲಿ ಹಾಕಬೇಕು ಎಂದು ಕೇಳಲು, ಈ ಸಲ ನಾನೇ ಆಯಿಯ ಮನೆಗೆ ಹೋದೆ. ಬೇಕಾದರೆ ನಡುವಿನ ಹಳೆಯ ಜಾಗಕ್ಕೇ ಹಾಕುತ್ತೇವೆ, ಬೇಸಿಗೆಯವರೆಗೆ ಇರಲಿ ಎಂದೆ. ಆಯಿ ಕೋಲು ಹಿಡಿದು ಗಾಯರಾಣಕ್ಕೆ ಬಂದು, ಮಾಸ್ತರರ ಸುಣ್ಣದ ಗೆರೆಯನ್ನು ಬಹಳ ಹೊತ್ತು ನೋಡಿದಳು. ಇದೇನು ಎಂದು ಕೇಳಿದಳು. ಹುಡುಗಿಯರು ಆಡುವ ಜಾಗ ಎಂದೆ. "ಹಂಗಂದ್ರ ನಡುವ ಬ್ಯಾಡ. ಪೋರ್‍ಯಾರು ಎಡವ್ತಾರ" ಅಂದಳು. ಪಡುವಣ ಬದಿಯಲ್ಲಿ ಅಡ್ಡಾಡಿ, ಮಳೆಯ ನೀರು ಎತ್ತ ಹರಿಯುತ್ತದೆ, ಬಂಡಿ ಎಲ್ಲಿ ತಿರುಗುತ್ತದೆ ಎಂದು ನೋಡಿ, ಮೂಲೆಯೊಂದರಲ್ಲಿ ಕೋಲು ಊರಿದಳು. ಶುಕ್ರವಾರ ಹಾಕೋಣ ಎಂದಳು.

ಶುಕ್ರವಾರ ಬೆಳಿಗ್ಗೆ ನಾವು ಗಾಡಿ ತುಂಬಿಕೊಂಡು ಹೋಗುವಷ್ಟರಲ್ಲಿ ಆಯಿ ಆ ಜಾಗ ಗುಡಿಸಿ, ನೀರು ಚಿಮುಕಿಸಿ, ಅರಿಶಿನ ಕುಂಕುಮ ಇಟ್ಟು, ಒಂದು ಹಿಡಿ ಜೋಳ ಚೆಲ್ಲಿದ್ದಳು. ಚಾಲಕಿ ಗಾಡಿಯ ತೊಟ್ಟಿ ಎತ್ತಿ ಸುರಿಯಲು ಹೊರಟಾಗ ಆಯಿ ಕೈ ಅಡ್ಡ ಹಿಡಿದಳು. "ತಡಿ ಬೇ. ಮೊದಲನೇ ಪುಟ್ಟಿ ಕೈಲೆ ಹಾಕ್ಬೇಕು."

ಹೊಸ ತಿಪ್ಪೆ ಶುರುವಾಗುವಾಗ ಮೊದಲ ಪುಟ್ಟಿ ಮನೆಯ ಮಗಳ ಕೈಯಿಂದ ಬೀಳಬೇಕಂತೆ. ಆ ಕಡೆ ಅದು ಪದ್ಧತಿ. ದೂರ ಕೊಟ್ಟ ಮಗಳಾದರೂ ಕರೆಸಿ ಹಾಕಿಸುತ್ತಾರೆ ಎಂದು ಚಾಲಕಿ ನನ್ನ ಕಿವಿಯಲ್ಲಿ ಹೇಳಿದಳು. ಆಯಿಗೆ ಮಗಳೆಲ್ಲಿ? ಯಾರ ಮನೆಯ ಹುಡುಗಿಯನ್ನು ಕರೆಯುತ್ತಾಳೋ ಎಂದು ನಾವು ಆಚೀಚೆ ನೋಡುತ್ತಿದ್ದೆವು. ಆಯಿ ತನ್ನ ಸಿಂಬಿಯನ್ನು ತಲೆಯಿಂದ ತೆಗೆದು, ಕೊಡವಿ, ನನ್ನ ತಲೆಯ ಮೇಲಿಟ್ಟಳು.

ನನಗೆ ಗಾಬರಿಯಾಯಿತು. "ನಾ ನಿಮ್ಮ ಮನಿ ಮಗಳಲ್ಲ ಆಯಿ" ಅಂದೆ. ಆಕೆಗೆ ಗೊತ್ತಿಲ್ಲದೆ ಮಾಡಿಸುವುದು ಬೇಡ ಎನ್ನಿಸಿ, ನಾವು ಊರ ಹೊರಗಿನ ಯಾವ ಕೇರಿಯವರು, ನಮ್ಮ ಮನೆಯಲ್ಲಿ ಯಾರ ಪಟ ಇದೆ ಎಂಬುದನ್ನೂ ಹೇಳಿದೆ. ಸುತ್ತ ಬೇರೆ ತಿಪ್ಪೆಗಳಿಗೆ ಬಂದಿದ್ದ ನಾಲ್ಕಾರು ಹೆಂಗಸರು ಬುಟ್ಟಿ ಹಿಡಿದು ನಿಂತು ಕೇಳುತ್ತಿದ್ದರು.

"ಎಲ್ಲಾ ಗೊತ್ತದ" ಅಂದಳು ಆಯಿ. "ಹನ್ನೊಂದ್ ದಿನ ನನ್ನ ಹೆಂಡ್ಯಾಗಿನ ಗಾಜು ಆರಿಸಿದಾಕಿ ನೀನ ಅಲ್ಲೇನು? ಹೊಟ್ಟ್ಯಾಗ ಹುಟ್ಟಿದಾಕಿ ಇದ್ದಿದ್ರ ಇದಕ್ಕಿಂತ ಏನ್ ಮಾಡ್ತಿದ್ಲು? ಹೊತ್ಕೋ."

ಚಾಲಕಿ ಪುಟ್ಟಿ ತುಂಬಿ ಎತ್ತಿ ಕೊಟ್ಟಳು. ಅರಿಶಿನ ಇಟ್ಟಲ್ಲಿಗೆ ನಾಲ್ಕು ಹೆಜ್ಜೆ. ಕಣ್ಣು ತುಂಬಿ ನೆಲ ಸರಿಯಾಗಿ ಕಾಣಲಿಲ್ಲ, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಆಯಿ ನನ್ನ ಮೊಣಕೈ ಹಿಡಿದು ನಿಲ್ಲಿಸಿದಳು.

"ಸಾವಕಾಶ ಹಾಕು" ಅಂದಳು. "ಮನಿ ಮಗಳ ಕೈಲೆ ಬಿದ್ದದ್ದು ವರ್ಷೆಲ್ಲಾ ರೊಟ್ಟಿ ಹಾಕ್ತದ."

ನಾನು ಬಗ್ಗಿ, ಸಾವಕಾಶ ಹಾಕಿದೆ.